ಜಪಾನಿನ ಮೇಜು

ಡೊಂಬಿವಲಿಯ ಆ ಕಾರ್ಖಾನೆಯಲ್ಲಿ ಬಟ್ಟೆ ಕ್ಲಿಪ್ಪು ಪ್ಯಾಕ್ ಮಾಡುವ ಹೆಂಗಸರಿಗೆಲ್ಲ ಒಂದೊಂದು ದೇಶ ಬಂದದ್ದು ಮಾಲೀಕ ಲೀಲಾಧರ ಬೇಲಾಪುರದಲ್ಲಿ ಭಾಷಣ ಕೇಳಿ ಬಂದ ಮರುದಿನ. ವ್ಯಾಪಾರದಲ್ಲಿ ಜಗತ್ತಿನ ಯಾವ ದೇಶ ಮುಂದೆ, ಯಾವುದು ಹಿಂದೆ, ನಮ್ಮದು ಎಷ್ಟನೆಯದು ಎಂಬ ಭಾಷಣ. ಮೇಜಿಗೊಂದು ಕಾಗದದ ಬಾವುಟ ಅಂಟಿಸಿದ. ದಾನಮ್ಮನಿಗೆ ಜಪಾನ್, ಅವಳ ಮೈದುನನ ಹೆಂಡತಿ ಚಂದ್ರಬಾಯಿಗೆ ಬ್ರೆಜಿಲ್.

"ನಮ್ ದೇಶ ಯಾರಿಗ್ರಿ ಸಾಹೇಬ್ರೆ?" ದಾನಮ್ಮ ಕೇಳಿದಳು.

"ಅದು ನನ್ನ ಮೇಜಿಗೆ ಮಾರಾಯ್ತಿ. ನಿಮ್ಮ ಕೈಗೆ ಕೊಟ್ಟು ಸೋಲಿಸ್ಲಿಕ್ಕುಂಟಾ?"

ಎಲ್ಲರೂ ನಕ್ಕರು. ಅವನು ನಗದೆ ಮುಂದುವರಿಸಿದ: "ತಿಂಗಳ ಕೊನೆಗೆ ಕಡಿಮೆ ಪ್ಯಾಕ್ ಮಾಡಿದ ದೇಶ ಮನೆಗೆ."

ಚಂದ್ರಬಾಯಿ ಅಫಜಲಪುರದ ಕಡೆಯಿಂದ ಹೊಸದಾಗಿ ಬಂದವಳು. ಕೆಲಸ ಕೊಡಿಸಿದವಳೇ ದಾನಮ್ಮ. ಕಳವಾ ಸ್ಟೇಷನ್ ಹತ್ತಿರದ ಒಂದೇ ಖೋಲಿಯಲ್ಲಿ ಎರಡೂ ಸಂಸಾರ. ಅವಳ ಬೆರಳಿಗೆ ಕೆಲಸ ಇನ್ನೂ ಒಗ್ಗಿರಲಿಲ್ಲ. ರಟ್ಟಿಗೆ ಸಿಕ್ಕಿಸುವಷ್ಟರಲ್ಲಿ ಕ್ಲಿಪ್ಪು ಚಿಮ್ಮಿ ನೆಲಕ್ಕೆ ಬೀಳುತ್ತಿತ್ತು. ಮೊದಲ ವಾರ ಬ್ರೆಜಿಲ್ ಎಲ್ಲರಿಗಿಂತ ಹಿಂದೆ.

ಊರಲ್ಲಿ ಜೋಳದ ಹೊಲದ ಕಳೆ ತೆಗೆಯುವಾಗ ತನ್ನ ಸಾಲು ಮುಗಿಸಿದವಳು ಬದುವಿಗೆ ಹೋಗಿ ಕೂರುವುದಿಲ್ಲ. ಹಿಂದುಳಿದವಳ ಸಾಲಿಗೆ ಎದುರಿನಿಂದ ಕುರ್ಪಿ ಹಾಕುತ್ತ ಬರುತ್ತಾಳೆ. ನಡುವೆ ಎಲ್ಲೋ ಇಬ್ಬರ ಬಳೆ ತಾಕಿದರೆ ಸಾಲು ಮುಗಿದಂತೆ. ಮೇಜುಗಳೆಲ್ಲ ಸೇರಿ ಒಂದೇ ಹೊಲವೆಂದು ದಾನಮ್ಮ ತಿಳಿದಿದ್ದಳು. ತನ್ನ ಕ್ಲಿಪ್ಪಿನ ಚೀಲ ಖಾಲಿಯಾದಾಗ ಇನ್ನೊಂದು ಚೀಲ ಕೇಳದೆ ಬ್ರೆಜಿಲ್ ಮೇಜಿಗೆ ಹೋಗಿ ಎದುರು ಕುಳಿತಳು. ದಿನಾಲೂ ಕುಳಿತಳು. ಬರುಬರುತ್ತ ಚಂದ್ರಬಾಯಿಯ ಕೈ ಪಳಗಿತು. ಆದರೂ ಅಕ್ಕ ಬರುವುದನ್ನು ಅವಳು ಬೇಡವೆನ್ನಲಿಲ್ಲ.

ತಿಂಗಳ ಕೊನೆಗೆ ಜಪಾನ್ ತಳ ಹಿಡಿಯಿತು.

"ಸಾಹೇಬ್ರೆ, ಇಕೀ ಮೇಜಿಂದು ಅರ್ಧ ಮಾಲು ನನ್ ಕೈಯಾಂದು. ಬೇಕಾರ ಆಕೀನ್ನೇ ಕೇಳ್ರಿ," ಎಂದಳು ದಾನಮ್ಮ.

ಲೀಲಾಧರ ಚಂದ್ರಬಾಯಿಯತ್ತ ನೋಡಿದ. "ಹೌದಾ?"

ಅವಳು ತಲೆ ಎತ್ತದೆ ಕ್ಲಿಪ್ಪು ಸಿಕ್ಕಿಸುತ್ತಲೇ ಇದ್ದಳು. "ಸುಮ್ನ ಮಾತಾಡ್ಕೋತ ಕುಂಡರ್ತಿದ್ಳ್ರಿ. ನಾನೇ ಬ್ಯಾಡಂದಿದ್ದೆ, ಕೆಲ್ಸ ಕೆಡ್ತದಂತ."

"ನಮ್ ಕಡಿ ಹಿಂದುಳ್ದಾಕಿ ಸಾಲಿಗೆ..." ದಾನಮ್ಮ ಹೇಳತೊಡಗಿದಳು.

"ಅದಕ್ಕೇ ನಿಮ್ಮ ಕಡೆ ಇನ್ನೂ ಅಲ್ಲೇ ಉಂಟು," ಎಂದು ಲೀಲಾಧರ ಬಾವುಟ ಕಿತ್ತ. ಎಲ್ಲರೂ ನಕ್ಕರು. ಚಂದ್ರಬಾಯಿಯೂ ನಕ್ಕಳು.

ಸಂಜೆಯ ಲೋಕಲ್‌ನಲ್ಲಿ ಇಬ್ಬರೂ ಅಂಟಿಕೊಂಡೇ ನಿಂತಿದ್ದರು. ದೂರ ಸರಿಯಲು ಜಾಗವಿರಲಿಲ್ಲ. ಗಾಡಿ ಮುಂಬ್ರಾ ದಾಟಿತು. ಆಮೇಲೆ ಚಂದ್ರಬಾಯಿ ಮೆಲ್ಲಗೆ ಅವಳ ತೋಳು ಮುಟ್ಟಿದಳು. ದಾನಮ್ಮ ತಿರುಗಿದಳು.

"ಅಕ್ಕಾ, ನಾಳಿಂದ ಹೆಂಗೂ ಮನ್ಯಾಗೇ ಇರ್ತಿ. ನನ್ನ ಡಬ್ಬಿಗೂ ಎರಡು ರೊಟ್ಟಿ ಬಡಿ."