ಬಳೆ ಬೀಳದ ಮೇಜು

ಸಂಜೆ ನಾಲ್ಕು ಗಂಟೆಗೆ ನಾನು ಮೇಜಾದೆ. ಅಲ್ಲಿಯವರೆಗೆ ಸಾಗುವಾನಿಯ ಹಲಗೆಗಳಾಗಿದ್ದೆ. ಗದಗಿನ ಬಡಿಗೇರ ಕಾಳಪ್ಪ ಕೊನೆಯ ಮೊಳೆ ಹೊಡೆದು, ಒಂದು ಗಾಜಿನ ಬಳೆಯನ್ನು ನನ್ನ ಮೇಲೆ ಉರುಳಿಸಿ ನೋಡಿದ. ಅದು ಅಂಚಿಗೆ ತಗುಲಿ ನಿಂತಿತು.

"ಆತು, ಒಯ್ರಿ," ಎಂದ.

ನಾನು ಬಳೆ ಅಂಗಡಿಯ ಮೇಜು. ನನ್ನ ಮೂರು ಕಡೆ ಅಂಗೈ ಅಗಲದಷ್ಟು ಎತ್ತರದ ಅಂಚಿದೆ. ಒಳಮೈಗೆಲ್ಲ ಹತ್ತಿ ತುಂಬಿದ ಮೆತ್ತೆ. ಗಿರಾಕಿ ಕೂರುವ ಕಡೆ ಮಾತ್ರ ಅಂಚಿಲ್ಲ. ಅಲ್ಲಿ ಮೊಣಕೈ ಊರಲು ನುಣ್ಣಗೆ ಉಜ್ಜಿದ ಮರ. ಕೆಳಗೆ ಖಾನೆಗಳಿಲ್ಲ, ಬರೀ ಕಾಲಿಗೆ ಜಾಗ. ಬಳೆ ಇಡಿಸಿಕೊಳ್ಳುವವಳು ಆರಾಮಾಗಿ ಕೂತರೆ ಕೈ ಸಡಿಲಾಗುತ್ತದೆ. ಮೈಕಟ್ಟಿನ ವರ್ಣನೆ ಉದ್ದವಾಯಿತು ಎನ್ನಬೇಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಅಂಗಡಿಯ ಒಡತಿ ಶಿವಲಿಂಗವ್ವ. ಅವಳ ಕೈಕೆಳಗೆ ಬಹಳ ವರ್ಷ ದುಡಿದೆ. ಬಳೆಯ ಬಣ್ಣಕ್ಕಾಗಿ ಅವ್ವನೊಡನೆ ಜಗಳಾಡುವ ಮದುವಣಗಿತ್ತಿಯರನ್ನು ಕಂಡೆ, ಬಾಗಿಲಲ್ಲಿ ನಿಂತು ಆಕಳಿಸುವ ಗಂಡಂದಿರನ್ನು ಕಂಡೆ. ನನ್ನ ಮೇಲಿಂದ ಒಂದು ಬಳೆಯೂ ನೆಲಕ್ಕೆ ಬಿದ್ದಿಲ್ಲ.

ಒಂದು ದಿನ ಗಾಲಿಕುರ್ಚಿಯೊಂದು ಒಳಗೆ ಬಂತು. ಅದರಲ್ಲಿ ನೀಲಾಂಬಿಕಾ, ಬ್ಯಾಂಕಿನ ಕ್ಯಾಷಿಯರ್, ತುಂಬು ಬಸುರಿ. ಚಿಕ್ಕಂದಿನಿಂದ ಅವಳ ಕಾಲುಗಳಲ್ಲಿ ಬಲವಿಲ್ಲ. ಕುರ್ಚಿ ತಳ್ಳುತ್ತಿದ್ದವಳು ಅತ್ತೆ ಗಿರಿಜವ್ವ. ಮರುದಿನ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ಹಸಿರು ಬಳೆ ಆರಿಸಲು ಬಂದಿದ್ದರು.

"ಮಾರಿ ಯಾಕ ಸಣ್ಣದಾಗೈತಿ?" ಎಂದು ಶಿವಲಿಂಗವ್ವ ಕೇಳಿದಳು.

"ಕೂಸಿನ ಬಟ್ಟಿ ಬದಲಸಾಕ ಒಂದು ಮೇಜು ಹುಡುಕಾಕ ಹೋಗಿದ್ವಿರಿ," ಎಂದಳು ನೀಲಾಂಬಿಕಾ. "ಅಂಗಡಿಯಾಗಿನವು ಎಲ್ಲಾ ನಿಂತವರಿಗೆ ಮಾಡಿದ್ದು. ಕೆಳಗ ಬರೇ ಖಾನೆ. ನನ್ನ ಮೊಣಕಾಲು ಎಲ್ಲಿ ಇಡ್ಲಿ?"

"ಅದಕ್ಕ್ಯಾಕ ಚಿಂತಿ? ನೀ ಹಾಲು ಕುಡಸು. ಉಚ್ಚಿ ಬಟ್ಟಿ, ಜಳಕ ಎಲ್ಲಾ ನಾ ನೋಡ್ಕೋತೀನಿ," ಎಂದಳು ಗಿರಿಜವ್ವ. ಅವಳ ದನಿಯಲ್ಲಿ ಪ್ರೀತಿಯೇ ಇತ್ತು.

"ಹಂಗಾದ್ರ ಅದು ನಿಮಗ ಅವ್ವ ಅಂತೈತ್ರಿ ಅತ್ತಿ."

ಬಳೆಗೆ ಕೈ ಚಾಚಲು ನೀಲಾಂಬಿಕಾ ತಾನೇ ಗಾಲಿ ತಿರುಗಿಸಿ ಕುರ್ಚಿಯನ್ನು ಮುಂದೆ ನೂಕಿದಳು. ಅವಳ ಮೊಣಕಾಲುಗಳು ನನ್ನ ಕೆಳಗೆ ಸಲೀಸಾಗಿ ಸರಿದವು. ಹೊಟ್ಟೆ ನನ್ನ ಅಂಚಿಲ್ಲದ ಬದಿಗೆ ಬಂದು ಮುಟ್ಟಿತು. ಅವಳು ಎರಡೂ ಕೈ ನನ್ನ ಮೇಲಿಟ್ಟಳು. ಎದುರಿನ ಅಂಚಿನವರೆಗೂ ಎಟುಕಿದವು. ಮೆತ್ತೆಯನ್ನು ಒತ್ತಿದಳು. ಬಳೆಗಳ ಕಡೆ ನೋಡಲೇ ಇಲ್ಲ.

"ಇಂಥಾದ್ದು ಬೇಕ್ರಿ ನನಗ," ಎಂದಳು. ನನ್ನನ್ನು ಅಂಗೈಯಿಂದ ತಟ್ಟಿ, "ಇದ ಬೇಕು," ಎಂದಳು.

ನನ್ನನ್ನು ಬೇಕೆಂದು ಬಾಯಿಬಿಟ್ಟು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಎಲ್ಲರೂ ಬಳೆಗೆ ಬಂದವರೇ.

ಗಿರಿಜವ್ವ ಅಡ್ಡ ಬಂದಳು. "ಕೂಸು ಬರೂಕಿಂತ ಮೊದಲ ಅದರ ಸಾಮಾನು ಮನ್ಯಾಗ ಇಡಬಾರದು. ನಮ್ಮ ಮನಿತನದಾಗ ಇಲ್ಲ."

"ಕೂಸಿನ ಸಾಮಾನು ಎಲ್ಲೈತಿ ತಂಗಿ? ಇದು ಬಳಿ ಮೇಜು," ಎಂದಳು ಶಿವಲಿಂಗವ್ವ. "ನಾಳೆ ಕುಬಸಕ್ಕ ಹೆಣ್ಣುಮಕ್ಕಳಿಗೆ ಬಳಿ ಇಡಸಾಕ ನಾ ಬರ್ತೀನಿ. ನನ್ನ ಮೇಜು ನನ್ನ ಕೂಡ ಬರತೈತಿ. ಹೊಳ್ಳಿ ಹೋಗೂವಾಗ ಮರೆತು ಹೋದ್ರ ಮುದುಕಿ ಮ್ಯಾಲ ತಪ್ಪು ಹಾಕು."

ಮರುದಿನ ಕುಬಸ ಮುಗಿದ ಮೇಲೆ ಶಿವಲಿಂಗವ್ವ ಉಳಿದ ಬಳೆಗಳನ್ನು ಮರೆಯದೆ ಒಯ್ದಳು. ನನ್ನನ್ನು ಆ ಮನೆಯಲ್ಲೇ ಬಿಟ್ಟಳು.

ಹೆಣ್ಣು ಮಗು ಹುಟ್ಟಿತು. ಮೊದಲ ಸಲ ನನ್ನ ಮೇಲೆ ಮಲಗಿಸಿದಾಗ ಗಿರಿಜವ್ವ ಎರಡೂ ಕೈ ಚಾಚಿಕೊಂಡು ಪಕ್ಕದಲ್ಲೇ ನಿಂತಿದ್ದಳು. ನೀಲಾಂಬಿಕಾ ಒದ್ದೆ ಬಟ್ಟೆ ಬಿಚ್ಚಿ, ಒರೆಸಿ, ಒಣಗಿದ್ದನ್ನು ಕಟ್ಟಿದಳು. ಗಂಟು ಸಡಿಲಾಯಿತು. ಬಿಚ್ಚಿ ಮತ್ತೆ ಕಟ್ಟಿದಳು. ಗಿರಿಜವ್ವ ಕೈ ಚಾಚಿಯೇ ಇದ್ದಳು, ಆದರೆ ಮುಟ್ಟಲಿಲ್ಲ. ತಿಂಗಳುಗಟ್ಟಲೆ ಹೀಗೇ ಕಾವಲು ನಡೆಯಿತು.

ಮಗು ಮಗ್ಗುಲು ಹೊರಳಲು ಕಲಿತ ಹೊಸತು. ನೀಲಾಂಬಿಕಾ ಪುಡಿಯ ಡಬ್ಬಿಗೆ ಕೈ ಹಾಕಿದ್ದಳು. ಮಗು ಒಮ್ಮೆಲೇ ಆಚೆಗೆ ಹೊರಳಿತು. ಗಿರಿಜವ್ವ ಚೀರಿದಳು. ಮಗು ನನ್ನ ಮೆತ್ತನೆಯ ಅಂಚಿಗೆ ತಗುಲಿ ನಿಂತು, ಅಜ್ಜಿಯ ಮುಖ ನೋಡಿ ನಕ್ಕಿತು. ಅಷ್ಟರಲ್ಲಿ ತಾಯಿಯ ಕೈ ಅದರ ಸೊಂಟದ ಮೇಲಿತ್ತು.

"ಹಿಡದೀನ್ರಿ ಅತ್ತಿ."

"ಕಂಡೆ," ಎಂದಳು ಗಿರಿಜವ್ವ. ಅಡುಗೆಮನೆಗೆ ಹೋದಳು. ಆಮೇಲೆ ಅವಳು ಕಾವಲಿಗೆ ಬರಲಿಲ್ಲ.

ಮಗು ನಡೆಯತೊಡಗಿದ ಮೇಲೆ ನಾನು ಅಂಗಡಿಗೆ ಮರಳಿದೆ. ಮುಂದುಗಡೆ ಈಗ ಗಾಜಿನ ಕೌಂಟರು ಬಂದಿದೆ. ನನ್ನನ್ನು ಹಿಂದಿನ ಮೂಲೆಯಲ್ಲಿ ಇಟ್ಟಿದ್ದಾರೆ. ಒಂದು ಕಾಲು ಅಲುಗಾಡುತ್ತದೆ, ಮೆತ್ತೆಯ ಮೇಲೆ ತೊಳೆದರೂ ಹೋಗದ ಕಲೆಗಳಿವೆ. ಅವನ್ನು ನಾನು ಪದಕಗಳೆಂದು ಎಣಿಸುತ್ತೇನೆ.

ಕಳೆದ ಶ್ರಾವಣದಲ್ಲಿ ಮೂವರೂ ಬಂದರು. ನೀಲಾಂಬಿಕಾ ಗಾಜಿನ ಕೌಂಟರು ದಾಟಿ ನೇರ ನನ್ನ ಬಳಿ ಬಂದು, ಕುರ್ಚಿಯನ್ನು ನನ್ನ ಕೆಳಗೆ ಸರಿಸಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಹುಡುಗಿಗೆ ಅಂದು ಮೊದಲ ಸಲ ಗಾಜಿನ ಬಳೆ. ಪಕ್ಕದಲ್ಲಿದ್ದ ಗಿರಾಕಿಯೊಬ್ಬಳು ಗಾಲಿಕುರ್ಚಿಯತ್ತ ನೋಡಿ, "ಕೂಸಿನ್ನ ಯಾರು ಸಂಬಾಳಿಸಿದ್ರಿ?" ಎಂದು ಗಿರಿಜವ್ವನನ್ನೇ ಕೇಳಿದಳು.

"ಅವರವ್ವ," ಎಂದಳು ಗಿರಿಜವ್ವ. "ನಾ ಸುಮ್ನ ನಿಂತಿದ್ದೆ."

ಹುಡುಗಿಯ ಕೈಯಿಂದ ಒಂದು ಬಳೆ ಜಾರಿ ಉರುಳಿತು. ಅಂಚಿಗೆ ತಗುಲಿ ನಿಂತಿತು. ಶಿವಲಿಂಗವ್ವ ಅದನ್ನು ಎತ್ತಿ ಅವಳ ಕೈಗೆ ಏರಿಸಿದಳು.