ಹಾಡದ ಪೆಟ್ಟಿಗೆಗೆ ತಲೆದೂಗಿದವರು

ಹುಲಗೂರಿನ ಪರಮೇಶಪ್ಪ ಹದಿನೆಂಟು ವರ್ಷ ನಾಟಕ ಕಂಪನಿಯಲ್ಲಿ ಕಾಲಪೆಟ್ಟಿಗೆ ನುಡಿಸಿದವನು. ಕಾಲಿನಿಂದ ಗಾಳಿ ತುಳಿಯುತ್ತ ಎರಡೂ ಕೈಯಿಂದ ನುಡಿಸುವ ಆ ಹಾರ್ಮೋನಿಯಂ ಮುಂದೆ ಅವನು ಕುಳಿತನೆಂದರೆ ಪಾತ್ರಧಾರಿಗಳಿಗೆ ಸ್ವರ ತಪ್ಪಲು ಹೆದರಿಕೆ. ತಪ್ಪಿದವರನ್ನು ಅವನು ಬೈಯುತ್ತಿರಲಿಲ್ಲ. ಆಟ ಮುಗಿಯುವವರೆಗೆ ಅವರ ಮುಖ ನೋಡುತ್ತಿರಲಿಲ್ಲ, ಅಷ್ಟೆ. ಕಂಪನಿ ಹಾನಗಲ್ಲಿನಲ್ಲಿ ಬಿಡಾರ ಹೂಡಿದ್ದ ಒಂದು ಮಳೆಗಾಲ ಅವನ ಎರಡೂ ಕಿವಿ ಸೋರತೊಡಗಿದವು. ಎಣ್ಣೆ ಬಿಟ್ಟರು, ಬೇರು ತೇಯ್ದು ಹಾಕಿದರು, ಹುಬ್ಬಳ್ಳಿಯ ಡಾಕ್ಟರರಿಗೂ ತೋರಿಸಿದ್ದಾಯಿತು. ವರ್ಷ ತುಂಬುವುದರೊಳಗೆ ಕಿವಿ ಪೂರ್ತಿ ಮುಚ್ಚಿದವು. ಕಂಪನಿಯವರು ಒಂದು ಶಾಲು ಹೊದಿಸಿ ಮನೆಗೆ ಕಳಿಸಿದರು.

ಆಮೇಲಿನ ಏಳು ವರ್ಷ ಅವನು ಹುಲಗೂರಿನಲ್ಲಿ ಒಬ್ಬಳೇ ಮಗಳು ಸರೋಜವ್ವನ ಮನೆಯಲ್ಲಿದ್ದ. ಅಳಿಯ ಫಕ್ಕೀರಪ್ಪ ಒಳ್ಳೆಯ ಮನುಷ್ಯ. ಮೂರನೆಯ ಇಯತ್ತೆವರೆಗೆ ಕಲಿತಿದ್ದ ಸರೋಜವ್ವ ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಅವನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ಅವನು ಬಾಯಿಂದ ಉತ್ತರ ಕೊಡುತ್ತಿದ್ದ. ಬರುಬರುತ್ತ ಅದೂ ಕಡಿಮೆಯಾಯಿತು. ತನ್ನ ದನಿ ತನಗೇ ಗೊತ್ತಾಗದೆ ಮಾತಾಡುವುದೆಂದರೆ ಕತ್ತಲೆಯಲ್ಲಿ ಬಟ್ಟೆ ಉಟ್ಟಂತೆ ಆಗುತ್ತದೆ ಎಂದು ಒಮ್ಮೆ ಹೇಳಿದ್ದ.

ಒಂದು ದಿನ ಮುಂಜಾನೆ ಸರೋಜವ್ವ ಪಡಸಾಲೆಯ ಕಂಬಕ್ಕೆ ಹಗ್ಗ ಕಟ್ಟಿ ಮಜ್ಜಿಗೆ ಕಡೆಯುತ್ತಿದ್ದಳು. ಅದೇ ಕಂಬಕ್ಕೆ ತಲೆ ಆನಿಸಿ ಕುಳಿತಿದ್ದ ಅಪ್ಪ ತಟ್ಟನೆ ನೆಟ್ಟಗಾದ. ತಲೆ ತೆಗೆದ, ಮತ್ತೆ ಆನಿಸಿದ. ಕಡಗೋಲಿನ ಸಪ್ಪಳ ಕೇಳಿಸುತ್ತಿದೆ ಎಂದ. ಅವಳು ನಂಬದೆ, ಕಂಬದ ಆಚೆ ಮಗ್ಗುಲಿಗೆ ತನ್ನ ಹಣೆ ಒತ್ತಿಟ್ಟು ಒಂದು ಸೋಬಾನೆ ಪದ ಹೇಳಿದಳು. ಮುದುಕ ಕೊನೆಯವರೆಗೆ ಕೇಳಿ, ಎರಡನೆಯ ನುಡಿಯಲ್ಲಿ ಸ್ವರ ಏರಿಸಿಬಿಟ್ಟೆ ಎಂದು ತಿದ್ದಿದ. ಕಿವಿ ಬಿಟ್ಟುಕೊಟ್ಟದ್ದನ್ನು ಎಲುಬು ಹಿಡಿಯುತ್ತಿತ್ತು. ಮರುದಿನ ಅವನು ಹಳೆಯ ಕಾಲಪೆಟ್ಟಿಗೆಯಿಂದ ಬಿಚ್ಚಿ ಉಳಿಸಿಕೊಂಡಿದ್ದ ಗೇಣುದ್ದದ ಬೀಟೆ ಮರದ ಪಟ್ಟಿಯೊಂದನ್ನು ಹುಡುಕಿ ತೆಗೆದ. ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕಂಬಕ್ಕೆ ಮುಟ್ಟಿಸಿದರೆ ಇನ್ನೂ ನಿಚ್ಚಳ ಕೇಳಿಸುತ್ತಿತ್ತು.

ಗ್ರಾಮಫೋನಿನ ವಿಚಾರ ಸರೋಜವ್ವನಿಗೆ ಹೊಳೆದದ್ದು ಆಗ. ಅದೂ ಮರದ ಪೆಟ್ಟಿಗೆಯೇ. ಫಕ್ಕೀರಪ್ಪ, ಆ ವರ್ಷದ ಹತ್ತಿ ಮಾರಿದ್ದರಲ್ಲಿ ತೆಗೆದುಕೊಂಡು ಹೋಗು, ಮಾವನಿಗೆ ಯಾವುದು ಕೇಳಿಸುತ್ತದೋ ಅದನ್ನೇ ತಾ ಎಂದ. ೧೯೩೮ರ ಮಾಗಿಯಲ್ಲಿ, ಸಂತೆಗೆ ಹೊರಟವರ ಗಾಡಿಯಲ್ಲಿ ಅಪ್ಪ ಮಗಳು ಸವಣೂರಿಗೆ ಬಂದರು.

ಸವಣೂರಿನ ಪೇಟೆಯಲ್ಲಿ ನಾಗಪ್ಪನದು ದೊಡ್ಡ ಅಂಗಡಿ. ಸೈಕಲ್ಲು, ಗ್ಯಾಸಬತ್ತಿ, ಗಡಿಯಾರ, ಗ್ರಾಮಫೋನು ಎಲ್ಲ ಅಲ್ಲಿ ಸಿಗುತ್ತಿದ್ದವು. ಒಳಗೆ ಜಮಖಾನೆ ಹಾಸಿ, ಲೋಡು ಇಟ್ಟು, ಗಿರಾಕಿಗಳನ್ನು ಕೂರಿಸಿ ಒಂದೊಂದೇ ಪೆಟ್ಟಿಗೆ ಹಾಡಿಸಿ ತೋರಿಸುತ್ತಿದ್ದ. ಆ ದಿನ ಲೋಡಿಗೆ ಒರಗಿದ್ದವರು ದುಂಡಸಿಯ ಜಮೀನುದಾರ ಚನ್ನವೀರಪ್ಪ ಮತ್ತು ಅವರ ಜೊತೆಯ ಇಬ್ಬರು. ಮಗಳ ಮದುವೆಗೆಂದು ಚನ್ನವೀರಪ್ಪನವರು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯನ್ನು ನೋಡುತ್ತಿದ್ದರು. ಸೊಂಟದೆತ್ತರ, ಬಾಗಿಲಿದ್ದದ್ದು, ಮೆರುಗೆಣ್ಣೆ ಹಚ್ಚಿ ಕನ್ನಡಿಯಂತೆ ಹೊಳೆಯುವುದು. ಮೂಲೆಯಲ್ಲಿ ರಿಪೇರಿ ಮಾಡುವ ಹಸನಸಾಬ ಒಂದು ಗಡಿಯಾರ ಬಿಚ್ಚಿಕೊಂಡು ಕುಳಿತಿದ್ದ.

ಸರೋಜವ್ವ ತಾವು ಬಂದ ಕಾರಣ ಹೇಳಿದಳು. ಪೆಟ್ಟಿಗೆ ಯಾರಿಗೆ ಎಂದು ನಾಗಪ್ಪ ಕೇಳಿದ. ಅಪ್ಪನಿಗೆ ಎಂದಳು, ಅವನಿಗೆ ಕಿವಿ ಕೇಳಿಸುವುದಿಲ್ಲ, ಆದರೆ ಮರ ಮುಟ್ಟಿದರೆ ಕೇಳಿಸುತ್ತದೆ ಎಂದು ಬಿಡಿಸಿ ವಿವರಿಸಿದಳು. ಅವಳ ಮಾತು ಮುಗಿದ ಮೇಲೆ ನಾಗಪ್ಪ ಚನ್ನವೀರಪ್ಪನವರ ಕಡೆ ತಿರುಗಿದ.

"ಕೇಳಿದ್ರೇನ್ರಿ ಗೌಡ್ರ. ಕಿವುಡಗ ಗ್ರಾಮಫೋನ್ ಬೇಕಂತ. ಸ್ಪ್ರಿಂಗ್ ಇಲ್ಲದ್ದು ಒಂದು ಖಾಲಿ ಪೆಟಿಗಿ ಐತಿ, ಅದನ್ನ ಕೊಟ್ಟು ಕಳಿಸ್ಲಿ?"

ಲೋಡಿಗೆ ಒರಗಿದ್ದವರು ನಕ್ಕರು. ಸರೋಜವ್ವನ ಮುಖಕ್ಕೆ ರಕ್ತ ಏರಿತು. ಆದರೆ ಅಷ್ಟು ದೂರದಿಂದ ಬಂದದ್ದು ಪೆಟ್ಟಿಗೆಗಾಗಿ, ಜಗಳಕ್ಕಲ್ಲ. ಸುತ್ತಮುತ್ತ ಗ್ರಾಮಫೋನು ಮಾರುವ ಬೇರೆ ಅಂಗಡಿಯೂ ಇರಲಿಲ್ಲ. ದಯಮಾಡಿ ಒಂದು ಸಲ ಕೇಳಿ ನೋಡಲು ಬಿಡಿರಿ ಎಂದು ಕೈ ಮುಗಿದಳು. ಆ ಕೈ ಮುಗಿದದ್ದಕ್ಕಾಗಿ ಅವಳು ತನ್ನನ್ನು ತಾನು ಬಹಳ ದಿನ ಕ್ಷಮಿಸಲಿಲ್ಲ.

ನಾಗಪ್ಪ ಆಗಲಿ ಎಂದ. ಅಪ್ಪನಿಗೆ ಗಾಡಿಯ ಧೂಳಿಗೆ ಗಂಟಲು ಒಣಗಿತ್ತು. ಅವನನ್ನು ದೊಡ್ಡ ಪೆಟ್ಟಿಗೆಯ ಮುಂದೆ ಕೂರಿಸಿ, ನೀರು ತರುತ್ತೇನೆಂದು ಅಂಗೈ ಮೇಲೆ ಬರೆದು, ಸರೋಜವ್ವ ತಂಬಿಗೆ ಹಿಡಿದು ಬಾವಿಯ ಕಡೆ ಹೋದಳು.

ತಿರುಗಿ ಬಂದವಳು ಹೊಸ್ತಿಲಲ್ಲೇ ನಿಂತಳು. ಅಂಗಡಿಯಲ್ಲಿ ಹಾಡಿರಲಿಲ್ಲ. ಪೆಟ್ಟಿಗೆಯ ಮೇಲೆ ಹಾಡಿನ ತಟ್ಟೆ ತಿರುಗುತ್ತಿತ್ತು. ನಾಗಪ್ಪ ತಟ್ಟೆಯ ಗೀರಿಗೆ ಕೂರುವ ಮುಳ್ಳು ಕಿತ್ತುಹಾಕಿ, ಹಾಡಿಸುವ ಕೈಯನ್ನು ತಟ್ಟೆಗೆ ತಾಗದಂತೆ ಕೂದಲೆಳೆಯಷ್ಟು ಮೇಲೆ ನಿಲ್ಲಿಸಿದ್ದ. ಅಪ್ಪ ಬೀಟೆ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ, ಪೆಟ್ಟಿಗೆಗೆ ಆನಿಸಿ, ಕಣ್ಣು ಮುಚ್ಚಿ ಕಾಯುತ್ತಿದ್ದ. ಅವನು ಕಣ್ಣು ತೆರೆದಾಗೊಮ್ಮೆ ಜಮಖಾನೆಯ ಮೇಲಿದ್ದ ಮೂವರೂ ನಾಗಪ್ಪನೂ ತಲೆದೂಗುತ್ತಿದ್ದರು. ಒಬ್ಬ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಚನ್ನವೀರಪ್ಪನವರು ವಾಹವಾ ಎನ್ನುವಂತೆ ಕೈ ಎತ್ತಿದರು. ಹಸನಸಾಬ ಮಾತ್ರ ತಲೆ ಎತ್ತಿರಲಿಲ್ಲ. ಅವನ ಕೈಯಲ್ಲಿದ್ದ ಚಿಮಟ ನಿಂತಿತ್ತು.

ಅಪ್ಪ ಪಟ್ಟಿಯನ್ನು ಬಾಯಿಂದ ತೆಗೆದು, ತನಗೆ ಕೇಳಿಸದ ತನ್ನ ದನಿಯಲ್ಲಿ ಮೆಲ್ಲಗೆ ಹೇಳಿದ: "ಗಾಲಿ ತಿರಗಾಕತ್ತೈತ್ರಿ. ಹಾಡಿಲ್ಲ."

ತಲೆದೂಗುವುದು ತಟ್ಟನೆ ನಿಂತಿತು. ಸರೋಜವ್ವ ಒಳಗೆ ಬಂದು ತಂಬಿಗೆಯನ್ನು ಆ ಮೆರುಗೆಣ್ಣೆಯ ಪೆಟ್ಟಿಗೆಯ ಮೇಲೇ ಇಟ್ಟಳು. ನೀರು ತುಳುಕಿ ಹಲಗೆಯ ಮೇಲೆ ಹರಿಯಿತು. ನಾಗಪ್ಪ ಅರಿವೆ ಹಿಡಿದು ಓಡಿಬಂದ.

"ನಮ್ಮಪ್ಪ ನಿಮ್ಮ ಅಂಗಡಿಗೆ ಬೇಡಾಕ ಬಂದಿಲ್ಲರಿ," ಎಂದಳು. ದನಿ ಎತ್ತಲಿಲ್ಲ, ಆದರೆ ಬೀದಿಯಲ್ಲಿ ಹೋಗುವವರಿಗೂ ಅದು ಕೇಳಿಸಿತು. "ಪೆಟಿಗಿ ಕೇಳಿ ನೋಡಾಕ ಬಂದಾನ. ನೀವು ಕಿವಿ ಇದ್ದಾವ್ರು ನಾಕು ಮಂದಿ ಇಲ್ಲದ ಹಾಡಿಗೆ ತಲಿ ದೂಗಾಕತ್ತೀರಿ. ಇಲ್ಲ ಅಂತ ಹೇಳಿದಾವ ನಮ್ಮಪ್ಪ ಒಬ್ಬನ. ಮುಳ್ಳ ಹಾಕ್ರಿ."

ಸುಮ್ಮನೆ ಚೇಷ್ಟೆಗೆ ಮಾಡಿದ್ದು ಎಂದ ನಾಗಪ್ಪ. ಹೆಂಗಸರು ಅಂಗಡಿಗೆ ಬಂದು ಹೀಗೆ ಮಾತಾಡಬಾರದು ಎಂದ. ಇಬ್ಬರೂ ಹೊರಗೆ ನಡೆಯಿರಿ ಎಂದೂ ಅನ್ನುವವನಿದ್ದ. ಅಷ್ಟರಲ್ಲಿ ಬಾಗಿಲ ಬಳಿ ಸಂತೆಯ ಜನ ಗುಂಪುಗೂಡಿದ್ದರು. ಚನ್ನವೀರಪ್ಪನವರಿಗೆ ಇರಿಸುಮುರಿಸಾಗಿ, ಹಾಕಪ್ಪ, ಮುಗಿದುಹೋಗಲಿ ಎಂದರು. ನಾಗಪ್ಪ ಮುಳ್ಳು ಸಿಕ್ಕಿಸಿ, ಚಾವಿ ಕೊಟ್ಟು, ತಟ್ಟೆ ಹಾಡಿಸಿದ.

ಒಬ್ಬ ಹೆಂಗಸಿನ ದನಿ ಅಂಗಡಿ ತುಂಬಿತು. ಪರಮೇಶಪ್ಪ ಪಟ್ಟಿ ಕಚ್ಚಿದ. ಏಳು ವರ್ಷದ ಮೇಲೆ ಅವನೊಳಗೆ ತಂಬೂರಿ, ತಬಲಾ, ಹಾಡು ಒಟ್ಟಿಗೆ ಬಂದವು. ಅವನ ಬಲಗೈ ಬೆರಳು ತೊಡೆಯ ಮೇಲೆ ತಾವಾಗಿಯೇ ಓಡತೊಡಗಿದವು. ಸರೋಜವ್ವ ಅದನ್ನು ನೋಡಿದಳು, ಆದರೆ ಸಿಟ್ಟಿನಲ್ಲಿ ಸಂತೋಷಪಡಲೂ ಅವಳಿಗೆ ಆಗಲಿಲ್ಲ. ತಟ್ಟೆ ಅರ್ಧ ದಾಟಿದ ಮೇಲೆ ಮುದುಕನ ಬೆರಳು ನಿಂತವು. ಹುಬ್ಬು ಗಂಟಾಯಿತು. ಹಾಡು ಮುಗಿಯಿತು.

"ಚೊಲೋ ಹಾಡ್ಯಾಳ," ಎಂದ. "ಪೆಟಿಗಿ ಚೊಲೋ ಇಲ್ಲ. ಸುರುವಾದಾಗಿನ ಷಡ್ಜ ಮುಗಿಯುವಾಗ ಕಾಲಪೆಟಿಗಿ ಮ್ಯಾಲಿನ ಒಂದೂವರಿ ಸ್ವರದ ಮನಿಯಷ್ಟು ಕೆಳಗ ಇಳೀತು. ಆಕಿ ಇಳಿಸಿಲ್ಲ, ಗಾಲಿ ಇಳಿಸೈತಿ. ಒಳಗ ಸ್ಪ್ರಿಂಗ್ ಸೋತೈತಿ."

ನಾಗಪ್ಪ ಈಗ ನಿಜವಾಗಿಯೂ ರೇಗಿದ. ಕಿವುಡನೊಬ್ಬ ಬಂದು ತನ್ನ ಹೊಚ್ಚ ಹೊಸ ಪೆಟ್ಟಿಗೆಯಲ್ಲಿ ಹುಳುಕು ಹುಡುಕುವುದೇ ಎಂದು ಕೂಗಾಡಿದ. ಆಗ ಹಸನಸಾಬ ಮೂಲೆಯಿಂದ ಎದ್ದು ಬಂದ. ಯಾರನ್ನೂ ಕೇಳದೆ ತಟ್ಟೆಯ ಕೆಳಗೆ ಒಂದು ಕಾಗದದ ಚೂರು ಸಿಕ್ಕಿಸಿದ, ಚಾವಿ ಕೊಟ್ಟ, ಕೈಯಲ್ಲಿ ಗಡಿಯಾರ ಹಿಡಿದು ಸುತ್ತು ಎಣಿಸಿದ. ಮೊದಲ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು, ಅಷ್ಟೇ ಇರಬೇಕಾದದ್ದು. ಮೂರನೆಯ ನಿಮಿಷಕ್ಕೆ ಎಪ್ಪತ್ತೊಂದು.

"ಅಜ್ಜಾರು ಹೇಳಿದ್ದು ಖರೇ ಐತ್ರಿ," ಎಂದು ಅವನು ಚನ್ನವೀರಪ್ಪನವರಿಗೆ ಹೇಳಿದ. "ಈ ಸ್ಪ್ರಿಂಗ್ ಹೋದ ತಿಂಗಳ ಮುರದಿತ್ತು. ನಾನ ಕೈಯಾರೆ ತ್ಯಾಪಿ ಹಾಕೇನಿ. ಹೊಸಾದು ಅಂತ ಮಾರೂದು ಸರಿ ಅಲ್ಲ."

ಚನ್ನವೀರಪ್ಪನವರು ಎದ್ದು ನಿಂತರು. ತಮ್ಮಂಥವರಿಗೇ ಮೋಸ ಮಾಡಲು ಹೊರಟೆಯಾ, ಮದುವೆಯ ಮನೆಯಲ್ಲಿ ಮರ್ಯಾದೆ ಹೋಗುತ್ತಿತ್ತಲ್ಲ ಎಂದು ನಾಗಪ್ಪನಿಗೆ ಬಾಯಿಗೆ ಬಂದಂತೆ ಬೈದರು. ಜನ ಹೌದೌದು ಎಂದರು. ಬೈದು ಮುಗಿಸಿ ಅವರು ಪರಮೇಶಪ್ಪನ ಭುಜ ತಟ್ಟಿದರು. ಈ ಮುದುಕ ತನ್ನ ಮಾನ ಉಳಿಸಿದ, ಅವನಿಗೆ ಬೇಕಾದ ಪೆಟ್ಟಿಗೆಯನ್ನು ತಾನೇ ಕೊಡಿಸುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಸರೋಜವ್ವ ಅಪ್ಪನ ಭುಜದಿಂದ ಅವರ ಕೈ ಸರಿಯುವವರೆಗೆ ಕಾದಳು.

"ನಮ್ಮಪ್ಪನ್ನ ಆಡಿಕೊಂಡಾಗ ನೀವೂ ವಾಹವಾ ಅಂದ್ರಿ," ಎಂದಳು. "ಆವಾಗ ನಿಮಗ ಸಿಟ್ಟು ಬರಲಿಲ್ಲ. ನಿಮ್ಮ ಪೆಟಿಗಿ ಕೆಟ್ಟೈತಿ ಅಂದಮ್ಯಾಲೆ ಬಂತು. ನಿಮ್ಮ ಪೆಟಿಗಿ ನಮಗ ಬ್ಯಾಡ್ರಿ."

ಅವಳು ತಂಬಿಗೆ ತೆಗೆದುಕೊಂಡು, ಅಪ್ಪನ ಕೈ ಹಿಡಿದು ಎಬ್ಬಿಸಿ, ಗುಂಪನ್ನು ಸೀಳಿಕೊಂಡು ಹೊರಬಂದಳು. ಬೀದಿಗೆ ಬಂದು ಒಂದು ಕಟ್ಟೆಯ ಮೇಲೆ ಕುಳಿತಳು. ಅಪ್ಪ ಪಕ್ಕದಲ್ಲಿ ಕುಳಿತು ತಂಬಿಗೆಯ ನೀರು ಕುಡಿದ.

ಹಸನಸಾಬ ಹಿಂದೆಯೇ ಬಂದ. ನಾಗಪ್ಪ ಅವನನ್ನು ಆ ಕ್ಷಣವೇ ಕೆಲಸದಿಂದ ತೆಗೆದುಹಾಕಿದ್ದ. ಹನ್ನೊಂದು ವರ್ಷ ದುಡಿದವನಿಗೆ ಅವನ ರಿಪೇರಿಯ ಹತ್ಯಾರಗಳನ್ನೂ ಕೊಡದೆ ಹೊರಗೆ ಹಾಕಿದ್ದ. ನಮ್ಮಿಂದ ನಿಮಗೆ ಹೀಗಾಯಿತಲ್ಲ ಎಂದು ಸರೋಜವ್ವ ಹೇಳಿದ್ದಕ್ಕೆ ಅವನು, ತ್ಯಾಪೆ ಹಾಕಿದ ದಿನವೇ ಬಾಯಿ ಬಿಡಬೇಕಾಗಿತ್ತು, ತಡವಾಯಿತು ಎಂದಷ್ಟೇ ಹೇಳಿದ. ಆಮೇಲೆ ತನ್ನ ಚಿಕ್ಕಮ್ಮ ಬಿಬಿಜಾನಳ ಹತ್ತಿರ ಒಂದು ಹಳೆಯ ಪೆಟ್ಟಿಗೆ ಇದೆ, ಮಾರುವ ಮಾತಾಡುತ್ತಿದ್ದಾಳೆ, ನೋಡುತ್ತೀರಾ ಎಂದು ಕೇಳಿದ.

ಬಿಬಿಜಾನ ಒಂದು ಕಾಲಕ್ಕೆ ದೊಡ್ಡವರ ಮನೆಯ ಬೈಠಕ್ಕುಗಳಲ್ಲಿ ಹಾಡಿದವಳು. ಅವಳ ಪೆಟ್ಟಿಗೆ ಸಾಗವಾನಿಯದು, ಅಂಚು ಸವೆದದ್ದು, ಹಿತ್ತಾಳೆಯ ತುತ್ತೂರಿ ಒಂದು ಕಡೆ ನೆಗ್ಗಿತ್ತು. ಪರಮೇಶಪ್ಪ ಬೀಟೆ ಪಟ್ಟಿ ಕಚ್ಚಿದಾಗ ಅವಳು ನಗಲಿಲ್ಲ. ಅವನಿಗೆ ಅನುಕೂಲವಾಗಲೆಂದು ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಮಣೆಯ ಮೇಲೆ ಇಟ್ಟಳು. ಒಂದಾದ ಮೇಲೊಂದು ಐದು ತಟ್ಟೆ ಹಾಕಿದಳು. ಪ್ರತಿ ತಟ್ಟೆಗೂ ಹೊಸ ಮುಳ್ಳು. ಮುದುಕನ ಬೆರಳು ಒಮ್ಮೆಯೂ ನಿಲ್ಲಲಿಲ್ಲ. ಐದನೆಯದು ಮುಗಿದಾಗ ಅವನ ಗಡ್ಡ ಒದ್ದೆಯಾಗಿತ್ತು. ಷಡ್ಜ ಕದಲಿಲ್ಲ ಎಂದ. ಮೂರನೆಯದರಲ್ಲಿ ತಬಲದವನು ಅವಸರ ಮಾಡುತ್ತಾನೆ ಎಂದೂ ಸೇರಿಸಿದ. ಬಿಬಿಜಾನ ತನಗೂ ಆ ತಬಲದವನ ಮೇಲೆ ಅದೇ ಸಿಟ್ಟು ಎಂದಳು. ಪೆಟ್ಟಿಗೆಯ ಬೆಲೆಗೇ ತಟ್ಟೆಗಳನ್ನೂ ಸೇರಿಸಿ ಕೊಟ್ಟಳು.

ಗಾಡಿ ಊರ ಹಾದಿ ಹಿಡಿದಾಗ ಇನ್ನೂ ಬಿಸಿಲಿತ್ತು. ಸರೋಜವ್ವ ಅಪ್ಪನ ಅಂಗೈ ಹಿಡಿದು, ಮುಳ್ಳಿಲ್ಲದೆ ತಟ್ಟೆ ತಿರುಗಿಸಿ ಅವರು ನಿನ್ನನ್ನು ಆಡಿಕೊಂಡರು ಎಂದು ಬರೆದಳು. ಅವನಿಗೆ ತಿಳಿಯದೆ ಇರುವುದು ಬೇಡವೆನಿಸಿತ್ತು.

"ಗೊತ್ತೈತಿ," ಎಂದ ಪರಮೇಶಪ್ಪ. "ಕಿವಿ ಹೋಗ್ಯಾವ, ಕಣ್ಣ ಅದಾವಲ್ಲ. ಮೊದಲ ಸಲ ತಲಿ ದೂಗಿದಾಗನ ಗೊತ್ತಾತು, ಒಬ್ಬರ ತಾಳ ಇನ್ನೊಬ್ಬರದಕ್ಕ ಕೂಡಲಿಲ್ಲ. ಸಿಟ್ಟು ಮಾಡಿದ್ರ ಹೊರಗ ಹಾಕ್ತಿದ್ರು. ಒಂದ ತಟ್ಟಿಯಾದ್ರೂ ಕೇಳಿಸ್ತಾರೇನೋ ಅಂತ ಸುಮ್ನ ಕುಂತೆ."

ಅಷ್ಟು ಹೊತ್ತು ಇಳಿಯುತ್ತ ಬಂದಿದ್ದ ಅವಳ ಸಿಟ್ಟು ಆ ಮಾತಿಗೆ ಮತ್ತೆ ಭುಗಿಲೆದ್ದಿತು. ಹದಿನೆಂಟು ವರ್ಷ ಸ್ವರ ತಪ್ಪಿದವರ ಮುಖ ನೋಡದ ಮನುಷ್ಯ, ಒಂದು ಹಾಡಿಗಾಗಿ ಅಂಥವರ ಮುಂದೆ ಮೋಸಹೋದವನ ಹಾಗೆ ಕೂರಬೇಕಾಯಿತಲ್ಲ ಎಂದು ಊರು ಬರುವವರೆಗೂ ಅವಳು ಕುದಿಯುತ್ತಲೇ ಇದ್ದಳು.

ಎರಡು ತಿಂಗಳಾದ ಮೇಲೆ ನಾಗಪ್ಪನ ಕಡೆಯಿಂದ ಒಬ್ಬ ಹುಲಗೂರಿಗೆ ಬಂದ. ಹಸನಸಾಬ ಹೋದ ಮೇಲೆ ಪೆಟ್ಟಿಗೆ ಪರೀಕ್ಷೆ ಮಾಡುವವರಿರಲಿಲ್ಲ. ಗಿರಾಕಿಗಳು ಆ ಕಥೆ ಕೇಳಿ ಅನುಮಾನಪಡುತ್ತಿದ್ದರು. ಪರಮೇಶಪ್ಪ ವಾರಕ್ಕೊಂದು ದಿನ ಬಂದು ಕೇಳಿ ಹೇಳಿದರೆ ಸಾಕಂತೆ, ಗಾಡಿ ಕಳಿಸುತ್ತಾನಂತೆ. ಮುದುಕನಿಗೆ ಮನಸ್ಸಿತ್ತು, ಅಷ್ಟೊಂದು ಪೆಟ್ಟಿಗೆ, ಅಷ್ಟೊಂದು ತಟ್ಟೆ. ಸರೋಜವ್ವ ಬಂದವನಿಗೆ ಚಹಾ ಕೊಟ್ಟು ಹೇಳಿ ಕಳಿಸಿದಳು: ಅಂದು ತಲೆದೂಗಿದ ನಾಲ್ಕೂ ಜನ, ಅಷ್ಟೇ ಮಂದಿಯ ಮುಂದೆ, ತಪ್ಪಾಯಿತೆಂದು ಅಪ್ಪನ ಅಂಗೈ ಮೇಲೆ ಬರೆಯಲಿ. ಆಮೇಲೆ ನೋಡೋಣ.

ಯಾರೂ ಬರಲಿಲ್ಲ. ಪರಮೇಶಪ್ಪನೂ ಹೋಗಲಿಲ್ಲ. ಹಸನಸಾಬ ಶಿಗ್ಗಾವಿಯಲ್ಲಿ ಸ್ವಂತ ರಿಪೇರಿ ಅಂಗಡಿ ಹಾಕಿದ. ಪ್ರತಿ ತಿಂಗಳು ತಾನು ರಿಪೇರಿ ಮಾಡಿದ ಪೆಟ್ಟಿಗೆಗಳನ್ನು ಹುಲಗೂರಿಗೆ ತಂದು ಮುದುಕನ ಮುಂದೆ ಸಾಲಾಗಿ ಇಡುತ್ತಿದ್ದ. ಅವನು ಹೂಂ ಅನ್ನುವವರೆಗೆ ಒಂದನ್ನೂ ಗಿರಾಕಿಗೆ ಕೊಡುತ್ತಿರಲಿಲ್ಲ.