ಬಲಗೈಗೊಂದು ಹಿಡಿ

ಭಾನುವಾರ ಮಧ್ಯಾಹ್ನ ಮಚ್ಚಿನ ಹಿಡಿ ಸೀಳಿ ಎರಡು ಹೋಳಾದಾಗ ಕುಸುಮಳಿಗೆ ಮೊದಲು ಆದದ್ದು ಸಂತೋಷ. ಆಮೇಲೆ ಭಯ, ಅತ್ತೆ ತನ್ನ ಮುಖ ನೋಡಿಬಿಟ್ಟರೇನೋ ಎಂದು.

ಅತ್ತೆ ಚಿಕ್ಕಬೋರಮ್ಮ ನೋಡಲಿಲ್ಲ. ಅವರ ಕಣ್ಣು ಮುರಿದ ಹಿಡಿಯ ಮೇಲೇ ಇತ್ತು. ಚಿಕ್ಕರಸಿನಕೆರೆಯ ದೇವಸ್ಥಾನದ ಎದುರು, ಬಸ್ಸು ನಿಲ್ಲುವ ಕಡೆ, ಕುಸುಮ ಸೊಸೆಯಾಗಿ ಬರುವ ಮೊದಲಿನಿಂದಲೂ ಅದೇ ಮಚ್ಚಿನಲ್ಲಿ ಎಳನೀರು ಕೊಚ್ಚಿದವರು ಅವರು. ಎಡಗೈಯವರು. ಅವರ ಬೆರಳುಗಳು ಒತ್ತಿ ಒತ್ತಿ ಹಿಡಿಯಲ್ಲಿ ತಗ್ಗು ಬಿದ್ದಿದ್ದವು.

"ನಾಳೆ ಸೋಮವಾರ, ಜನ ತುಂಬ್ಕತಾರೆ. ಆಚಾರಿ ನೋಡುದ್ರೆ ಮಳವಳ್ಳಿಗೆ ಮದ್ವೆಗೋಗವ್ನೆ" ಎಂದರು ಚಿಕ್ಕಬೋರಮ್ಮ.

"ಒಸ ಮಚ್ಚು ತರಾನ ಬುಡಿ ಅತ್ತೆ."

"ಒಸದಂತೆ ಒಸದು! ಇಂಥ ಕಬ್ಬಿಣ ಈಗೆಲ್ಲಿ ಸಿಕ್ಕದೆ?"

"ಅಂಗಾರೆ ಇಡಿ ನಾನೇ ಆಕ್ತೀನಿ."

ಎಳನೀರು ಕುಡಿಯುತ್ತಿದ್ದ ಆಟೋ ಶಿವರಾಜುವಿಗೆ ನಗು ಬಂದು ನೀರು ನೆತ್ತಿಗೇರಿತು. "ಅಕ್ಕೋ, ನೀನು ಕೊಚ್ಚುದ್ರೆ ಅರ್ಧ ನೀರು ನೆಲುಕ್ಕೆ, ಇನ್ನರ್ಧ ನನ್ ಅಂಗಿಗೆ. ನೀನು ಇಡಿ ಆಕಿಯಾ?"

ಅವನು ಹೇಳಿದ್ದು ಸುಳ್ಳಲ್ಲ. ಅವಳು ಕೊಚ್ಚಿದರೆ ಮಚ್ಚು ಅಂಗೈಯಲ್ಲಿ ಹೊರಳುತ್ತಿತ್ತು, ಏಟು ಓರೆಯಾಗಿ ಬೀಳುತ್ತಿತ್ತು. ಕುಸುಮನ ಕೈಗೆ ಬರಾಕಿಲ್ಲ ಎಂದು ಮನೆಯಲ್ಲಿ ಎಲ್ಲರೂ ಯಾವತ್ತೋ ತೀರ್ಮಾನ ಮಾಡಿದ್ದರು. ಅವಳೂ ನಂಬಿ, ಸ್ಟ್ರಾ ಕೊಡುವುದು, ಕಾಯೊಳಗಿನ ಎಳೆ ಗಂಜಿ ಕೆರೆದುಕೊಡುವುದು, ಇಷ್ಟಕ್ಕೇ ನಿಂತುಬಿಟ್ಟಿದ್ದಳು.

ಈಗ ಆ ಎರಡು ಹೋಳುಗಳನ್ನು ಜೋಡಿಸಿ ಬಲಗೈಯಲ್ಲಿ ಹಿಡಿದು ನೋಡಿದಳು. ತಗ್ಗಿದ್ದ ಕಡೆ ಅವಳ ಬೆರಳು ಹೋಗುತ್ತಿರಲಿಲ್ಲ. ಬೆರಳು ಹೋದ ಕಡೆ ಉಬ್ಬು. ಎಡಗೈಗೆ ಬದಲಾಯಿಸಿದಳು, ಎಲ್ಲ ಬೆರಳೂ ತಂತಾನೇ ಗೂಡು ಸೇರಿದವು. ಇಷ್ಟು ವರ್ಷ ತಪ್ಪಿದ್ದದ್ದು ಅವಳ ಕೈಯಲ್ಲಲ್ಲ! ಒಳ್ಳೆಯ ಹಿಡಿ ಎಲ್ಲರ ಕೈಗೂ ಒಳ್ಳೆಯದೇ ಎಂದುಕೊಂಡಿದ್ದರು ಎಲ್ಲರೂ. ಯಾರಿಗಾದರೂ ಕೂಗಿ ಹೇಳಬೇಕು ಅನಿಸಿತು. ಬೇಡ, ನಾಳೆ ಕೊಚ್ಚಿ ತೋರಿಸಿದರೆ ಸಾಕು.

ಮನೆಯ ಅಟ್ಟದಲ್ಲಿ ಮುರಿದ ಗುದ್ದಲಿಯ ಕಾವು ಇತ್ತು. ಒಣಗಿ ಮೂಳೆಯಂತಾಗಿದ್ದ ಮರ. ಒಂದು ಹಿಡಿಗಾಗುವಷ್ಟು ಕೊಯ್ದುಕೊಂಡಳು. ಕಾದ ಸರಳಿನಿಂದ ನಡುವೆ ತೂತು ಸುಟ್ಟಳು. ಮಚ್ಚಿನ ಅಲಗಿಗೆ ಒದ್ದೆ ಗೋಣಿ ಸುತ್ತಿ, ಹಿಡಿಯೊಳಗೆ ಹೋಗುವ ಚೂಪು ಬಾಲವನ್ನಷ್ಟೇ ಒಲೆಗೆ ಕೊಟ್ಟಳು.

"ಅಲಗಿಗೆ ಬಿಸಿ ತಾಗ್ಸುದ್ರೆ ನಿನ್ನ ಸುಮ್ನೆ ಬುಡಾಕಿಲ್ಲ ಕಣಮ್ಮಿ" ಎಂದು ಜಗಲಿಯಿಂದ ಅತ್ತೆಯ ದನಿ ಬಂತು.

"ಗೋಣಿ ಸುತ್ತಿವ್ನಿ ಕನತ್ತೆ."

"ತಲೆಕೆಳಗಾಗಿ ಇಡ್ಕಂಡು ಇಡಿ ಬುಡುಕ್ಕೆ ಬಡಿ. ತಂಕೆ ತಾನೇ ಒಳಿಕ್ಕೋಯ್ತದೆ."

ಕೆಂಪಗಾದ ಬಾಲ ಚುಂಯ್ ಎಂದು ಮರದೊಳಗೆ ಇಳಿಯಿತು. ಹೊಗೆಗೆ ಕಣ್ಣಲ್ಲಿ ನೀರು ಬಂದರೂ ಕುಸುಮ ನಗುತ್ತಿದ್ದಳು. ಬಡಿದಳು, ಇನ್ನೂ ಬಡಿದಳು. ಹಳೆಯ ಹಿಡಿಯಿಂದ ತೆಗೆದು ಮೊದಲೇ ತೊಡಿಸಿದ್ದ ಕಬ್ಬಿಣದ ಬಳೆ ಮರವನ್ನು ಬಿಗಿಯಾಗಿ ಹಿಡಿದುಕೊಂಡಿತು. ಅಲ್ಲಾಡಲಿಲ್ಲ.

ಉಳಿದದ್ದು ಕೆತ್ತುವುದು. ಆಚಾರಿಯಾಗಿದ್ದರೆ ಮೊದಲು ಮಚ್ಚಿನ ಯಜಮಾನರ ಮುಷ್ಟಿಗೆ ದಾರ ಸುತ್ತಿ ಅಳತೆ ತೆಗೆದುಕೊಳ್ಳುತ್ತಿದ್ದ. ಯಾರ ಕೈಗೆ ಎಂದು ಕೇಳದೆ ಅವನು ಉಳಿ ಮುಟ್ಟುತ್ತಿರಲಿಲ್ಲ. ಕುಸುಮ ಕೇಳಲಿಲ್ಲ. ಗಾಜಿನ ಚೂರಿನಿಂದ ಹೆರೆದಳು, ಹಿಡಿದು ನೋಡಿದಳು, ಮತ್ತೆ ಹೆರೆದಳು. ಹೆಬ್ಬೆರಳಿಗೆ ಜಾಗ, ಕಿರುಬೆರಳಿಗೆ ತಡೆ, ಎಲ್ಲ ಬಲಗೈಗೆ. ಹರಳೆಣ್ಣೆ ಸವರುವಾಗ ಮಾತ್ರ ಜಗಲಿಯ ಕಡೆ ಒಮ್ಮೆ ನೋಡಿದಳು. ಅತ್ತೆ ಇದನ್ನು ಹಿಡಿದ ಕೂಡಲೇ ಗೊತ್ತಾಗುತ್ತದೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸು ಇನ್ನೂ ಬಂದಿರಲಿಲ್ಲ. ಚಿಕ್ಕಬೋರಮ್ಮ ಎಡಗೈ ಚಾಚಿದರು. ಮಚ್ಚು ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು.

"ಇದು ನನ್ ಕೈದಲ್ಲ."

ಕುಸುಮ ತಲೆಯೆತ್ತಿದಳು. "ಊಂ ಕನತ್ತೆ. ನಂದು" ಎಂದಳು.

"ನೆನ್ನೇನೇ ಗೊತ್ತಿತ್ತು. ಸಂಜೆಗಂಟ ಕಾದೆ, ಅಳ್ತೆ ಕೇಳಕೆ ಬತ್ತೀಯ ಅಂತ. ಬರ್ನೇ ಇಲ್ಲ." ಮಚ್ಚನ್ನು ಅವಳ ಬಲಗೈಗೆ ಕೊಟ್ಟು, ಗಿರಾಕಿಗಳ ಬೆಂಚಿನ ಮೇಲೆ ಹೋಗಿ ಕುಳಿತರು. ಆ ಬೆಂಚಿನ ಮೇಲೆ ಅವರು ಕುಳಿತದ್ದನ್ನು ಕುಸುಮ ಕಂಡೇ ಇರಲಿಲ್ಲ. "ಕೊಚ್ಚು. ನೋಡುಮ. ತೆಳು ಗಂಜಿದಿರ್ಲಿ, ನಂಗೆ ಅಗಿಯಕೆ ಅಲ್ಲಿಲ್ಲ."

ಅಷ್ಟರಲ್ಲಿ ಶಿವರಾಜು ಬಂದವನು ಅಂಗಿ ಕಾಪಾಡಿಕೊಳ್ಳಲು ಆಟೋದ ಹಿಂದೆ ನಿಂತ.

ಕುಸುಮ ಕಾಯಿಯನ್ನು ಎಡ ಅಂಗೈಯಲ್ಲಿಟ್ಟು ಮಚ್ಚು ಬೀಸಿದಳು. ಹೊರಳಲಿಲ್ಲ! ಸಿಪ್ಪೆ ಹಾರಿತು. ತಿರುಗಿಸಿ ಇನ್ನೊಂದು, ಮತ್ತೊಂದು. ಕೊನೆಯ ಏಟಿಗೆ ಬಾಯಿ ಬಿಲ್ಲೆಯಂತೆ ತೆರೆದುಕೊಂಡಿತು. ಒಂದು ತೊಟ್ಟೂ ಚೆಲ್ಲಲಿಲ್ಲ.

"ಓಹೋ!" ಎಂದ ಶಿವರಾಜು.

ಚಿಕ್ಕಬೋರಮ್ಮ ಸ್ಟ್ರಾ ಬೇಡವೆಂದು ಎತ್ತಿ ಗಟಗಟನೆ ಕುಡಿದು ಬಾಯಿ ಒರೆಸಿಕೊಂಡರು. "ಮದ್ದೂರ್ಗೋಗಿ ಒಸ ಮಚ್ಚು ತರಾನ. ಆ ಗುದ್ಲಿ ಕಾವು ಇನ್ನೂ ಉಳ್ಕಂಡದಲ್ಲ, ಅದ್ರಲ್ಲಿ ಒಸದುಕ್ಕೆ ಎಡಗೈ ಇಡಿ ಆಕ್ಕೊಡು" ಎಂದರು. "ಈ ಸತಿ ಅಳ್ತೆ ತಕ. ನಾನೇನು ಇಲ್ಲೇ ಕೂತಿರ್ತೀನಿ ಅನ್ಕಬ್ಯಾಡ."

ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಕುಸುಮ ಸೆರಗು ಸಿಕ್ಕಿಸಿ, ಇನ್ನೊಂದು ಕಾಯಿ ಎತ್ತಿಕೊಂಡಳು.